ಸಿಂಪಿನ ಹಿಡಿಯ ಚಾಕು

ವೈಜಿನಾಥನ ಮದುವೆಯ ದಿನ ನಡೆದ ಅಷ್ಟೂ ಫಜೀತಿಗೆ ಕಾರಣವಾದ ವಸ್ತು ಅವನ ತೋರುಬೆರಳಿಗಿಂತ ಉದ್ದವಿರಲಿಲ್ಲ. ಮಡಚಿದರೆ ಅಂಗೈಯಲ್ಲಿ ಅಡಗಿ ಕೂತುಬಿಡುತ್ತಿತ್ತು. ಹಾಲಿನ ಕೆನೆಯ ಬಣ್ಣದ, ಮುತ್ತಿನ ಚಿಪ್ಪಿನಂತೆ ಹೊಳೆಯುವ ಸಿಂಪಿನ ಹಿಡಿ, ಎರಡೂ ತುದಿಗೆ ಹಿತ್ತಾಳೆಯ ಕಟ್ಟು, ಉಗುರಿನಿಂದ ಮೀಟಿದರೆ ಹೊರಗೆ ಬರುವ ತೆಳ್ಳನೆಯ ಅಲಗು. ಮುಚ್ಚುವಾಗ ಟಕ್ ಎಂದು ಒಂದು ಸಣ್ಣ ಸದ್ದು. ಬಸವಕಲ್ಯಾಣದ ಪೇಟೆಯಲ್ಲಿ ಬೀಗ, ಕತ್ತರಿ, ಕನ್ನಡಿ ಮಾರುವ ಶಂಶುದ್ದೀನನ ಗಾಜಿನ ಪೆಟ್ಟಿಗೆಯೊಳಗೆ ಈ ಮಡಚುವ ಚಾಕು ಬಹಳ ಕಾಲದಿಂದ ಮಲಗಿತ್ತು. ಕೇಳುವವರಿದ್ದರು, ಕೊಳ್ಳುವವರಿರಲಿಲ್ಲ. ಇದು ಶೋಕಿಯ ಮಂದಿಯದು, ಬದನೆಕಾಯಿ ಹೆಚ್ಚುವವರದಲ್ಲ ಎಂದು ಹೇಳಿ ಶಂಶುದ್ದೀನನೇ ಅರ್ಧ ಗಿರಾಕಿಗಳನ್ನು ವಾಪಸು ಕಳಿಸಿದ್ದ.

ವೈಜಿನಾಥ ಅದೇ ಊರಿನ ಸಹಕಾರಿ ಸಂಘವೊಂದರ ಗುಮಾಸ್ತ. ಅವನ ಕೆಲಸದಲ್ಲಿ ಕೊಯ್ಯುವಂಥದ್ದು ಪೆನ್ಸಿಲ್ ಬಿಟ್ಟರೆ ಬೇರೇನೂ ಇರಲಿಲ್ಲ. ಶೋಕಿ ಎಂದರೆ ವಾರಕ್ಕೊಮ್ಮೆ ಚಪ್ಪಲಿಗೆ ಎಣ್ಣೆ ಸವರುವುದು ಎಂದು ತಿಳಿದಿದ್ದ ಮನುಷ್ಯ. ಅಂಥವನು ಹೋಗಿ ಆ ಚಾಕನ್ನು ಕೊಂಡದ್ದು ಒಬ್ಬ ಹುಡುಗಿಗೆ ಕೊಟ್ಟ ಮಾತಿಗಾಗಿ.

ಹುಮನಾಬಾದಿನ ಧಾನ್ಯದ ವ್ಯಾಪಾರಿ ಬಸವಣಪ್ಪನವರ ಎರಡನೆಯ ಮಗಳು ಅಮೃತಳನ್ನು ನೋಡಲು ಹೋದ ದಿನ ಹಿರಿಯರೆಲ್ಲ ಪಡಸಾಲೆಯಲ್ಲಿ ಕೂತು, ಈ ಸಲ ತೊಗರಿ ಹೇಗೆ, ಕಡಲೆ ಹೇಗೆ ಎಂದು ಮದುವೆಗೆ ಸಂಬಂಧವಿಲ್ಲದ ಮಾತನ್ನೆಲ್ಲ ಆಡುತ್ತಿದ್ದರು. ವೈಜಿನಾಥ ಹೊತ್ತು ಹೋಗದೆ ಎದ್ದು ಗೋಡೆಯ ಮೇಲಿನ ಮದುವೆಯ ಫೋಟೋ ನೋಡುತ್ತ ನಿಂತ. ಅದರಲ್ಲಿ ಮದುಮಗ ಇದ್ದ, ಅವನ ತಾಯಿ ಇದ್ದಳು, ನಡುವೆ ಒಂದು ಭಾರೀ ಕಠಾರಿ ಇತ್ತು, ಕಠಾರಿಯ ತುದಿಗೆ ಲಿಂಬೆಹಣ್ಣಿತ್ತು. ಮದುಮಗಳು ಮಾತ್ರ ಕಾಣಲಿಲ್ಲ. ಚಹಾ ತಂದ ಅಮೃತ ಪಕ್ಕದಲ್ಲೇ ನಿಂತದ್ದು ಗೊತ್ತಾಗಿ, ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದ.

"ಇದು ಯಾರ ಲಗ್ನದ್ದು?"

"ನಮ್ಮ ಅಕ್ಕ ಸೂಗಮ್ಮಂದ್ರಿ."

"ಅಕ್ಕಾರು ಎಲ್ಲಿ ಅದಾರ?"

"ಲಿಂಬಿಹಣ್ಣಿನ ಹಿಂದ," ಅಂದಳು ಅಮೃತ.

ವೈಜಿನಾಥನಿಗೆ ನಗು ಬಂತು. ಅವಳು ನಗಲಿಲ್ಲ. ಜನ್ಮಕ್ಕೊಂದು ಸಲ ಫೋಟೋ ತೆಗೆಸುತ್ತಾರೆ, ಅದರಲ್ಲೂ ಅಕ್ಕ ಕಾಣಲಿಲ್ಲ ಎಂದು ಹೇಳಿ, ಚಹಾದ ಬಟ್ಟಲು ಅವನ ಕೈಗಿಟ್ಟು, ಹೋಗುವ ಮುಂಚೆ ಒಂದು ಮಾತು ಸೇರಿಸಿದಳು. "ನನ್ನ ಫೋಟೋದಾಗ ನಾ ಕಾಣಬೇಕ್ರಿ. ನಿಮ್ಮ ಮನ್ಯಾಗೂ ಅಂಥಾದೊಂದು ಕಠಾರಿ ಅದ ಅಂತ ಕೇಳೀನಿ."

ಕೇಳಿದ್ದು ನಿಜವಾಗಿತ್ತು. ಈ ಸೀಮೆಯಲ್ಲಿ ಅರಿಶಿಣ ಹಚ್ಚಿದ ಮೇಲೆ ಮದುಮಗ ಬರಿಗೈಯಲ್ಲಿ ಇರುವಂತಿಲ್ಲ. ಕೈಯಲ್ಲಿ ಕಬ್ಬಿಣದ ಆಯುಧ ಬೇಕು, ಅದರ ತುದಿಗೊಂದು ಲಿಂಬೆಹಣ್ಣು ಬೇಕು. ದೆವ್ವ, ದೃಷ್ಟಿ, ಹೊಟ್ಟೆಕಿಚ್ಚಿನ ನೆಂಟರು ಯಾರೂ ಹತ್ತಿರ ಸುಳಿಯಬಾರದೆಂದು ಈ ಏರ್ಪಾಡು. ದೆವ್ವದ ವಿಷಯ ಗೊತ್ತಿಲ್ಲ, ನೆಂಟರು ಅದಕ್ಕೆ ಹೆದರಿ ಊಟ ಬಿಟ್ಟು ಹೋದದ್ದನ್ನಂತೂ ಯಾರೂ ನೋಡಿಲ್ಲ. ವೈಜಿನಾಥನ ಮನೆಯ ಕಠಾರಿ ಅಜ್ಜನ ಕಾಲದ್ದು, ಮೊಳಕ್ಕಿಂತ ಉದ್ದ, ತುಕ್ಕು ತಿಂದು ಕಂದಾಗಿ, ಹಿಡಿಗೆ ಹಳೆಯ ಧೋತರದ ಚಿಂದಿ ಸುತ್ತಿಸಿಕೊಂಡಿತ್ತು. ನಿಜಾಮನ ಕಾಲದಲ್ಲಿ ಅಜ್ಜ ಅದನ್ನು ಹಿಡಿದು ಯಾರನ್ನೂ ಹೆದರಿಸಿರಲಿಲ್ಲ. ಕುಂಬಳಕಾಯಿ ಒಡೆಯಲು ಬಳಸುತ್ತಿದ್ದನಂತೆ.

"ನಾ ಅದನ್ನ ತರೂದಿಲ್ಲ," ಅಂದ ವೈಜಿನಾಥ. "ಅಂಗೈಯಾಗ ಮುಚ್ಚಿ ಹಿಡಿಯುವಂಥ ಸಣ್ಣದು, ಚೆಂದಂದು ತರ್ತೀನಿ. ಮಾತು ಅಂದ್ರ ಮಾತು."

ಆಗ ಅಮೃತ ನಕ್ಕಳು. ಆ ನಗು ಅವನ ಎದೆಯಲ್ಲಿ ಹೋಗಿ ಕೂತುಬಿಟ್ಟಿತು. ಆಮೇಲೆ ತೊಗರಿಯ ಮಾತಾಗಲಿ ಕಡಲೆಯ ಮಾತಾಗಲಿ ಒಂದೂ ಅವನ ಕಿವಿಗೆ ಬೀಳಲಿಲ್ಲ.

ಇನ್ನು ಉಳಿದದ್ದು ಸೋದರತ್ತೆ ಗಯಾಬಾಯಿಯನ್ನು ಒಪ್ಪಿಸುವ ಕೆಲಸ. ತಂದೆತಾಯಿ ಇಲ್ಲದ ವೈಜಿನಾಥನನ್ನು ಸಾಕಿ ಬೆಳೆಸಿದವಳು ಅವಳು. ಮನೆಯಲ್ಲಿ ಅವಳ ಮಾತಿಗೆ ಎದುರು ಮಾತಿರಲಿಲ್ಲ, ಓಣಿಯಲ್ಲಿ ಕೂಡ ಅಷ್ಟಾಗಿ ಇರಲಿಲ್ಲ. ಅರಿಶಿಣದ ಹಿಂದಿನ ದಿನ ವೈಜಿನಾಥ ಚಾಕು ತೋರಿಸಿದಾಗ ಅವಳು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ ನೋಡಿ ತೀರ್ಪು ಕೊಟ್ಟಳು.

"ಇದು ಹಲ್ಲಿನ್ಯಾಗ ಸಿಕ್ಕ ಅಡಕಿ ತೆಗಿಯೂ ಕಡ್ಡಿ ಅದ. ಇದನ್ನ ನೋಡಿ ದೆವ್ವ ಹೆದರ್ತದೋ, ನಗ್ತದೋ?"

ಶಾಸ್ತ್ರದಲ್ಲಿ ಕಬ್ಬಿಣ ಇರಬೇಕು ಎಂದಿದೆಯೇ ಹೊರತು ಇಷ್ಟೇ ಉದ್ದವಿರಬೇಕು ಎಂದು ಎಲ್ಲೂ ಇಲ್ಲ ಎಂದು ವೈಜಿನಾಥ ವಾದಿಸಿದ. ಗಯಾಬಾಯಿ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ಆ ಮನೆಯಲ್ಲಿ ಯಾರೂ ಹಿಂದೆ ಕಂಡಿರಲಿಲ್ಲ. ಅಲ್ಲೇ ವೈಜಿನಾಥ ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ಗೆದ್ದ ಸಂಭ್ರಮದಲ್ಲಿ ಅವನು ಚಾಕು ತೆಗೆಯುವುದು, ಟಕ್ ಎಂದು ಮುಚ್ಚುವುದು, ಮತ್ತೆ ತೆಗೆಯುವುದು ಇದನ್ನೇ ಮಾಡುತ್ತ ಕೂತ. ಮಾರನೆಯ ದಿನ ಅರಿಶಿಣ ಮುಗಿದ ಮೇಲೆ ಹೆಣ್ಣಿಗೆ ಸೀರೆ, ಕುಪ್ಪಸ, ಬಳೆ ತೆಗೆದುಕೊಂಡು ಇಬ್ಬರು ಹಿರಿಯರು ಮುಂದಾಗಿ ಹುಮನಾಬಾದಿಗೆ ಹೊರಟರು. ಅವರ ಗಂಟನ್ನು ಗಯಾಬಾಯಿ ಒಳಕೋಣೆಯ ಬಾಗಿಲು ಹಾಕಿಕೊಂಡು ತಾನೇ ಕಟ್ಟಿ ಕೊಟ್ಟಳು.

ಮದುವೆಯ ಬೆಳಿಗ್ಗೆ ನೋಡಿದರೆ ಗೂಟದ ಮೇಲೆ ಸದಾ ಇರುತ್ತಿದ್ದ ಅಜ್ಜನ ಕಠಾರಿ ಇಲ್ಲ. ವೈಜಿನಾಥ ಮನೆಯೆಲ್ಲ ಹುಡುಕಿದ. ಕೇಳಿದ್ದಕ್ಕೆ ಗಯಾಬಾಯಿ, "ಅದು ಎಲ್ಲಿ ಹೋಗಬೇಕೋ ಅಲ್ಲಿ ಹೋಗ್ಯದ, ನೀ ನಿನ್ನ ಹಲ್ಲುಕಡ್ಡಿ ನೋಡಿಕೋ," ಎಂದು ಎಲೆಗೆ ಸುಣ್ಣ ಹಚ್ಚತೊಡಗಿದಳು. ದಾರಿಯಲ್ಲಿ ಎಲ್ಲೋ ಹೊರಗೆ ತೆಗೆದು ತನ್ನ ಕೈಗೆ ತುರುಕುವ ಹುನ್ನಾರ ಇದು ಎಂದು ಅವನು ಹಾಸಿಗೆಯ ಸುರುಳಿಗಳನ್ನೆಲ್ಲ ಬಿಚ್ಚಿ ನೋಡಿದ. ಬಾಜಾದವರ ಡೋಲಿನೊಳಗೆ ಕೈ ಹಾಕಲು ಹೋಗಿ ಬೈಸಿಕೊಂಡ. ಎಲ್ಲೂ ಸಿಗಲಿಲ್ಲ.

ಲಿಂಬೆಹಣ್ಣಿನದು ಬೇರೆಯೇ ತಕರಾರು. ಸಾಧಾರಣ ಹಣ್ಣು ಚುಚ್ಚಿದರೆ ಚಾಕೇ ಕಾಣುತ್ತಿರಲಿಲ್ಲ, ಮದುಮಗ ಶರಬತ್ತು ಮಾಡಲು ಹೊರಟಂತೆ ಕಾಣುತ್ತಿದ್ದ. ಕೊನೆಗೆ ಬುಟ್ಟಿಯ ತಳದಲ್ಲಿದ್ದ ಗೋಲಿಯಷ್ಟು ಸಣ್ಣ ಕಾಯಿಯೊಂದನ್ನು ಹುಡುಕಿ ಚುಚ್ಚಿದರು. ಬಿಳಿಯ ಅಂಗಿ, ಬಿಳಿಯ ಧೋತರ, ಹಣೆಗೆ ಬಾಸಿಂಗ, ಕೈಯಲ್ಲಿ ಹೊಳೆಯುವ ಸಿಂಪಿನ ಹಿಡಿ. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ ವೈಜಿನಾಥನಿಗೆ ಅಮೃತಳ ಫೋಟೋ ಕಣ್ಣ ಮುಂದೆ ಬಂದುಬಿಟ್ಟಿತು.

ದಿಬ್ಬಣಕ್ಕೆಂದು ಗೊತ್ತುಮಾಡಿದ ಖಾಸಗಿ ಬಸ್ಸು ಬಂತು. ಅದರ ಡ್ರೈವರ್ ಪಾಂಡುರಂಗ ಎತ್ತರದ ಆಳು, ಮೂಗು ನೆಟ್ಟಗೆ, ಮೀಸೆ ಮೇಲಕ್ಕೆ. ಬನಿಯನ್ನಿನ ಮೇಲೆ ಖಾಕಿ ಕೋಟು ತೊಟ್ಟು, ಅದರ ಜೇಬಿನಲ್ಲಿ ಮೀಸೆ ಬಾಚುವ ಹಣಿಗೆ ಇಟ್ಟುಕೊಂಡಿದ್ದ. ಹಿಂದಿನ ರಸ್ತೆ ನೋಡಲು ಕಟ್ಟಿದ ಕನ್ನಡಿಯಲ್ಲಿ ರಸ್ತೆಗಿಂತ ಹೆಚ್ಚಾಗಿ ತನ್ನ ಮೀಸೆಯನ್ನೇ ನೋಡಿಕೊಳ್ಳುತ್ತಿದ್ದ. ಮುಹೂರ್ತಕ್ಕೆ ಮುಟ್ಟಿಸುವುದು ನನ್ನ ಜಿಮ್ಮಾ, ನನ್ನ ಹೊಣೆ, ಆದರೆ ಇಳಿಸಿದ ಕೂಡಲೇ ಬಿಡಬೇಕು, ಇನ್ನೊಂದು ದಿಬ್ಬಣ ಕಾಯುತ್ತಿದೆ ಎಂದು ಮೊದಲೇ ಹೇಳಿದ್ದ.

ಬಸ್ಸು ಊರು ದಾಟುತ್ತಿದ್ದಂತೆ ಹಿಂದಿನ ಸೀಟಿನಲ್ಲಿ ಯಾರೋ ಪೇರಲಹಣ್ಣಿನ ಬುಟ್ಟಿ ಬಿಚ್ಚಿದರು. ಹಣ್ಣು ಇದ್ದ ಮೇಲೆ ಚಾಕು ಬೇಕು, ಚಾಕು ಮದುಮಗನ ಕೈಯಲ್ಲಿತ್ತು. ಒಂದು ಗಳಿಗೆ ಕೊಡು ಎಂದು ಒಬ್ಬರು ಕೈ ಚಾಚಿದರು. ಆಯುಧ ಮದುಮಗನ ಕೈ ಬಿಟ್ಟು ಹೋಗಕೂಡದು ಎಂದು ಗಯಾಬಾಯಿ ಗದರಿದಳು. ಹಾಗಾದರೆ ಮದುಮಗನೇ ಹೆಚ್ಚಿಕೊಡಲಿ, ಅದಕ್ಕೇನು ಅಡ್ಡಿ ಎಂದು ಬಾಜಾದವರು ಕೇಳಿದರು. ಗಯಾಬಾಯಿ ಯೋಚಿಸಿ, ಅಡ್ಡಿ ಇಲ್ಲ ಅಂದಳು. ಅವಳಿಗೂ ಹಣ್ಣು ಬೇಕಾಗಿತ್ತು.

ಹೀಗೆ ಬಾಸಿಂಗ ಕಟ್ಟಿಕೊಂಡ ಮದುಮಗ ಇಡೀ ಬಸ್ಸಿಗೆ ಪೇರಲಹಣ್ಣು ಹೆಚ್ಚುತ್ತ ಕೂತ. ಅದು ಮುಗಿಯುವಷ್ಟರಲ್ಲಿ ಒಬ್ಬರ ಕುಪ್ಪಸದ ದಾರ ಕತ್ತರಿಸುವುದಿತ್ತು, ಇನ್ನೊಬ್ಬರ ಹಿಮ್ಮಡಿಯ ಮುಳ್ಳು ತೆಗೆಯುವುದಿತ್ತು, ಸನಾದಿ ಊದುವವನಿಗೆ ವಾದ್ಯದ ತುದಿಯ ಪೀಪಿ ಹೆರೆಯುವುದಿತ್ತು. ಪ್ರತಿ ಸಲವೂ ಲಿಂಬೆಕಾಯಿ ಕಳಚಿ ಬಾಯಲ್ಲಿ ಹಿಡಿದುಕೊಂಡು ಕೆಲಸ ಮುಗಿಸಿ ಮತ್ತೆ ಚುಚ್ಚಬೇಕು. ಎಂಥಾ ನಾಜೂಕು ಚಾಕು, ಎಲ್ಲಿ ತಗೊಂಡಿ ಎಂದು ಎಲ್ಲರೂ ಹೊಗಳಿದರು. ಹೊಗಳಿಕೆಗೆ ಸೋತು ವೈಜಿನಾಥ ಯಾರಿಗೂ ಇಲ್ಲ ಅನ್ನಲಿಲ್ಲ.

ನಡುದಾರಿಯ ರಾಜೇಶ್ವರ ಎಂಬ ಊರು ದಾಟಿ ಸ್ವಲ್ಪ ದೂರ ಹೋಗಿರಬೇಕು, ಬಸ್ಸು ಉಸಿರು ಬಿಟ್ಟು ನಿಂತುಕೊಂಡಿತು. ಪಾಂಡುರಂಗ ಇಳಿದು ಬಾನೆಟ್ ಎತ್ತಿ ನೋಡಿ, ಎಕ್ಸಿಲೇಟರಿನ ಸರಳಿನ ಪಿನ್ನು ಎಲ್ಲೋ ಬಿದ್ದಿದೆ, ಎಂಜಿನ್ನಿಗೆ ಏನಾಗಿಲ್ಲ, ತೂತಿನಲ್ಲಿ ಏನಾದರೂ ಸಿಗಿಸಿದರೆ ಸಾಕು ಎಂದ. ಹೆಂಗಸರು ತಲೆಯ ಪಿನ್ನು ಕೊಟ್ಟರು, ಅದು ಬಾಗಿತು. ಬೇಲಿಯ ಜಾಲಿಕಡ್ಡಿ ಮುರಿದು ತಂದರು, ಅದೂ ಮುರಿಯಿತು. ಹೊತ್ತು ಏರುತ್ತಿತ್ತು. ಮುಹೂರ್ತ ತಪ್ಪಿದರೆ ಮುಂದಿನದು ಸಂಜೆಗೆ, ಅಷ್ಟರಲ್ಲಿ ಫೋಟೋ ತೆಗೆಯಲು ಬೆಳಕಿರುವುದಿಲ್ಲ ಎಂಬ ಯೋಚನೆ ವೈಜಿನಾಥನೊಬ್ಬನಿಗೇ ಹೊಳೆಯಿತು. ಅದೇ ಹೊತ್ತಿಗೆ ಪಾಂಡುರಂಗನ ಕಣ್ಣು ಅವನ ಕೈಯ ಮೇಲೆ ಬಿತ್ತು.

"ಮದಿಮಗರ, ಆ ಚಾಕು ಕೊಡ್ರಿ. ಅಲಗು ತೂತಿನ್ಯಾಗ ಹಾಕಿ ಮಡಚಿಬಿಟ್ರ ಬೀಗ ಹಾಕಿದಂಗ ಕುಂದರ್ತದ. ಹುಮನಾಬಾದ ಮುಟ್ಟಿದ ಮ್ಯಾಲ ತಗದು ಕೊಡ್ತೀನಿ."

ವೈಜಿನಾಥ ಗಯಾಬಾಯಿಯ ಮುಖ ನೋಡಿದ. ಮದುಮಗ ಬರಿಗೈಯಲ್ಲಿ ಒಂದು ಹೆಜ್ಜೆ ಇಡಕೂಡದು, ಮುಹೂರ್ತ ತಪ್ಪಕೂಡದು, ಎರಡನ್ನೂ ನೀವೇ ಹೊಂದಿಸಿಕೊಳ್ಳಿ ಎಂದು ಅವಳು ಸೀಟಿನ ಮೇಲೆ ಕಾಲು ಮಡಚಿ ಕೂತಳು. ಹಾಗಾದರೆ ಬೇರೆ ಕಬ್ಬಿಣ ಹಿಡಿಯಲಿ ಎಂದು ಯಾರೋ ಸೂಚಿಸಿದರು. ಬಸ್ಸಿನಲ್ಲಿ ಕಬ್ಬಿಣಕ್ಕೇನು ಬರ? ನಟ್ಟು ಬಿಗಿಯುವ ಪಾನಾ ಪಾಂಡುರಂಗನಿಗೆ ಬೇಕಾಗಿತ್ತು, ಜಾಕನ್ನು ಎತ್ತಲು ಇಬ್ಬರು ಬೇಕು. ಉಳಿದದ್ದು ಡ್ರೈವರನ ಸೀಟಿನ ಕೆಳಗಿದ್ದ, ಎಂಜಿನ್ ಚಾಲೂ ಮಾಡುವ ಹ್ಯಾಂಡಲ್. ಎರಡು ಕಡೆ ಬಾಗಿದ, ಎಣ್ಣೆ ಕುಡಿದು ಕರ್ರಗಾದ ಭಾರೀ ಸರಳು. ಅದರ ತುದಿಗೆ ಗೋಲಿಯಂಥ ಕಾಯಿ ನಿಲ್ಲಲಿಲ್ಲವೆಂದು ಬುಟ್ಟಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಲಿಂಬೆಹಣ್ಣನ್ನು ಸಿಕ್ಕಿಸಿದರು.

ಚಾಕನ್ನು ಕೈಯಿಂದ ಕೈಗೆ ಕೊಡಬಾರದು, ಜಗಳ ಬರುತ್ತದೆ ಎಂದು ಗಯಾಬಾಯಿ ಕಿಟಕಿಯಿಂದ ಕೂಗಿದಳು. ವೈಜಿನಾಥ ಅದನ್ನು ಬಾಗಿಲಿನ ಮೆಟ್ಟಿಲ ಮೇಲಿಟ್ಟ. ಪಾಂಡುರಂಗ ಎತ್ತಿಕೊಂಡು ಬಾನೆಟ್ಟಿನೊಳಗೆ ತಲೆ ತೂರಿಸಿದ. ಟಕ್ ಎಂದು ಸದ್ದಾಯಿತು.

ಈಗ ಎಂಜಿನ್ ಚಾಲೂ ಮಾಡಬೇಕು. ಅದಕ್ಕೆ ಹ್ಯಾಂಡಲ್ ಬೇಕು, ಹ್ಯಾಂಡಲ್ ಮದುಮಗನ ಕೈಯಲ್ಲಿತ್ತು, ಅದು ಕೈ ಬಿಟ್ಟು ಹೋಗುವಂತಿರಲಿಲ್ಲ.

"ಹಂಗಾದ್ರ ನೀವೇ ತಿರುವ್ರಿ," ಅಂದ ಪಾಂಡುರಂಗ, ಒಳಗೆ ಹೋಗಿ ಆರಾಮಾಗಿ ಕೂತು. "ನಾ ಬ್ರೇಕಿನ ಮ್ಯಾಲ ಕಾಲಿಟ್ಟೇನಿ, ನೀವೇನೂ ಅಂಜಬ್ಯಾಡ್ರಿ."

ವೈಜಿನಾಥ ಲಿಂಬೆಹಣ್ಣು ಕಳಚಿ ಬಾಯಲ್ಲಿ ಹಿಡಿಯಲು ಹೋದ, ಅದು ಬಾಯಲ್ಲಿ ಹಿಡಿಸುವಂಥದ್ದಲ್ಲವೆಂದು ಮತ್ತೊಬ್ಬರಿಗೆ ಕೊಟ್ಟ. ಧೋತರ ಎತ್ತಿ ಕಟ್ಟಿ ಹ್ಯಾಂಡಲ್ ತಿರುವತೊಡಗಿದ. ಬಾಜಾದವರಿಗೆ ಇಂಥ ಹೊತ್ತಿನಲ್ಲಿ ಸುಮ್ಮನಿರಬಾರದು ಅನ್ನಿಸಿ ಡೋಲು ಬಾರಿಸಿದರು. ಬಾಸಿಂಗ ಕಿವಿಗೆ ಬಂತು, ಅರಿಶಿಣ ಬೆವರಿನ ಜೊತೆ ಕುತ್ತಿಗೆಗೆ ಇಳಿಯಿತು. ಎಂಜಿನ್ ಕೊನೆಗೆ ಕೆಮ್ಮಿ ಎದ್ದಾಗ ಅದರ ಬಾಯಿಂದ ಒಂದು ಹಿಡಿ ಕರಿಯೆಣ್ಣೆ ಹಾರಿ ಬಿಳಿಯ ಅಂಗಿಯ ಎದೆಯ ಮೇಲೆ ಅಂಟಿಕೊಂಡಿತು.

ಉಳಿದ ದಾರಿಯುದ್ದಕ್ಕೂ ವೈಜಿನಾಥ ತನಗೆ ತಾನೇ ಸಮಾಧಾನ ಹೇಳಿಕೊಂಡ. ಹುಮನಾಬಾದ ಬಂದ ಕೂಡಲೇ ಚಾಕು ಕೈಗೆ ಬರುತ್ತದೆ, ಹ್ಯಾಂಡಲ್ ಸೀಟಿನ ಕೆಳಗೆ ಹೋಗುತ್ತದೆ, ಅಮೃತ ಏನನ್ನೂ ನೋಡುವುದಿಲ್ಲ. ಅಂಗಿಗೆ ಯೋಚನೆಯಿಲ್ಲ. ಮಾವ ಕೊಡುವ ರೇಷ್ಮೆಯ ಜುಬ್ಬಾ ಹೇಗೂ ಇದೆ.

ಬಸ್ಸು ಬಸವಣಪ್ಪನವರ ಓಣಿಯ ಬಾಯಿಗೆ ಬಂದು ನಿಂತಿತು. ವೈಜಿನಾಥ ಇಳಿದವನೇ ಪಾಂಡುರಂಗನ ಕಡೆ ಓಡಿದ. ಗಯಾಬಾಯಿ ಅಡ್ಡ ಬಂದಳು. ಯಾವ ಕಬ್ಬಿಣ ಹಿಡಿದು ಹೆಣ್ಣಿನ ಊರಿನ ಸೀಮೆ ದಾಟಿದ್ದಾನೋ ಅದೇ ಕಬ್ಬಿಣ ಅಕ್ಷತೆಯ ತನಕ ಕೈಯಲ್ಲಿರಬೇಕು, ನಡುವೆ ಬದಲಾಯಿಸಿದರೆ ಹೆಂಡತಿ ಬದಲಾದ ಹಾಗೆ ಎಂದಳು. ಈ ನಿಯಮ ಆ ಗಳಿಗೆಯಲ್ಲಿ ಹುಟ್ಟಿದ್ದೆಂದು ವೈಜಿನಾಥನಿಗೆ ಗೊತ್ತಿತ್ತು. ಹಾಗೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೆಣ್ಣಿನ ಕಡೆಯವರು ಆರತಿ ಹಿಡಿದು ಎದುರಿಗೆ ಬಂದುಬಿಟ್ಟರು.

ಅವರ ಮುಂದೆ ಬಸವಣಪ್ಪನವರ ತಾಯಿ ರುಕ್ಮಿಣಿಬಾಯಿ ಇದ್ದಳು. ಹುಮನಾಬಾದಿನಲ್ಲಿ ನಡೆಯುವ ಮದುವೆಗಳಲ್ಲಿ ತಪ್ಪು ಹುಡುಕುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಅವಳು ಹ್ಯಾಂಡಲನ್ನು ಬುಡದಿಂದ ತುದಿಯವರೆಗೆ ನೋಡಿದಳು. ಇದೇನು ಎಂದು ಕೇಳಿದರೆ ತನಗೆ ಗೊತ್ತಿಲ್ಲದ ಶಾಸ್ತ್ರವೊಂದಿದೆ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಬಸವಕಲ್ಯಾಣದ ಮಂದಿಯ ಎದುರಿಗೆ ಅದು ಸಾಧ್ಯವಿರಲಿಲ್ಲ.

"ನಮ್ಮಲ್ಲೂ ಹಿಂದಕ ಹಿಂಗೇ ಇತ್ತು," ಅಂದಳು ರುಕ್ಮಿಣಿಬಾಯಿ. "ನಮ್ಮಜ್ಜ ಇದಕ್ಕಿಂತ ದೊಡ್ಡದು ಹಿಡಿದಿದ್ದ. ಈಗಿನೋರು ಎಲ್ಲಾ ಬಿಟ್ಟಾರ."

ಅಲ್ಲಿಗೆ ವೈಜಿನಾಥನ ಕೊನೆಯ ಆಸೆಯೂ ಹೋಯಿತು. ಎರಡೂ ಮನೆತನದ ಹಿರಿಯರು ಒಪ್ಪಿದ ಪದ್ಧತಿಯನ್ನು ಸಹಕಾರಿ ಸಂಘದ ಗುಮಾಸ್ತ ಮುರಿಯುವುದು ಎಲ್ಲಿ ಬಂತು?

ಮುಂದೆ ತಕರಾರು ಬಂದದ್ದು ಅಂಗಿಯ ಕಲೆಯಿಂದ. ಮಂಟಪದಲ್ಲಿ ಕರಿಬಣ್ಣ ಅಪಶಕುನ ಎಂದು ರುಕ್ಮಿಣಿಬಾಯಿ ಪಟ್ಟು ಹಿಡಿದಳು. ಜುಬ್ಬಾದ ತಟ್ಟೆ ತಂದರು. ಹ್ಯಾಂಡಲ್ ಬಲಗೈಯಲ್ಲಿ ಇರುವ ತನಕ ಜುಬ್ಬಾದ ತೋಳು ತೂರಲಿಲ್ಲ, ಹ್ಯಾಂಡಲನ್ನು ಎಡಗೈಗೆ ಕೊಡಲು ಗಯಾಬಾಯಿ ಬಿಡಲಿಲ್ಲ. ಭಟ್ಟರು ಮುಹೂರ್ತ ಬಂತು ಎಂದು ಅವಸರ ಮಾಡಿದರು. ಮುಂದುಗಡೆ ಬಿಚ್ಚುವಂಥ ಬಟ್ಟೆ ಏನಾದರೂ ಇದೆಯೇ ಎಂದು ಎಲ್ಲರೂ ಸುತ್ತ ನೋಡಿದರು. ಹ್ಯಾಂಡಲ್ ಕೇಳಲು ಬಂದು ನಿಂತಿದ್ದ ಪಾಂಡುರಂಗನ ಮೈಮೇಲೆ ಖಾಕಿ ಕೋಟಿತ್ತು. ಬಿಚ್ಚಿಸಿದರು. ಎಡತೋಳು ಹಾಕಿ, ಬಲಭಾಗವನ್ನು ಹೆಗಲ ಮೇಲೆ ಹೊದಿಸಿ, ಗುಂಡಿ ಹಾಕಿ ಕಲೆ ಮುಚ್ಚಿದರು.

ಕೋಟು ಹೋದ ಪಾಂಡುರಂಗ ಬನಿಯನ್ನಿನಲ್ಲಿ ಉಳಿದ. ಬಸವಣಪ್ಪನವರು ಮರ್ಯಾದಸ್ಥರು. ಬೀಗರ ಕಡೆಯಿಂದ ಬಂದ ಮನುಷ್ಯ ತಮ್ಮ ಹಂದರದಲ್ಲಿ ಬನಿಯನ್ನಿನಲ್ಲಿ ನಿಲ್ಲುವುದನ್ನು ನೋಡಲಾರದೆ, ತಟ್ಟೆಯಲ್ಲಿ ಉಳಿದಿದ್ದ ರೇಷ್ಮೆಯ ಜುಬ್ಬಾವನ್ನು ಅವನಿಗೇ ತೊಡಿಸಿದರು. ಮುಹೂರ್ತಕ್ಕೆ ಸರಿಯಾಗಿ ಮದುಮಗನನ್ನು ಮುಟ್ಟಿಸಿದ್ದಕ್ಕೆ ಜರಿಯ ರುಮಾಲು ಸುತ್ತಿ, ಕೊರಳಿಗೆ ಮಾಲೆ ಹಾಕಿ ಸತ್ಕಾರ ಮಾಡಿದರು. ಜುಬ್ಬಾ ವೈಜಿನಾಥನ ಅಳತೆಗೆ ಹೊಲಿಸಿದ್ದಾದರೂ ಪಾಂಡುರಂಗನಿಗೇ ಹೆಚ್ಚು ಒಪ್ಪಿತು ಎಂದು ಹೆಂಗಸರು ಮಾತಾಡಿಕೊಂಡರು.

ವೈಜಿನಾಥ ಮಂಟಪಕ್ಕೆ ಬಂದು ನಿಂತ. ಎದುರಿಗೆ ಅಂತರಪಟ. ಅದರ ಆಚೆ ಅಮೃತ ಇದ್ದಳು. ಪಟ ಸರಿದರೆ ಸಾಕು, ಕೊಟ್ಟ ಮಾತು ಏನಾಯಿತು ಎಂದು ಅವಳಿಗೆ ಗೊತ್ತಾಗುತ್ತದೆ. ಅವಳು ಕೇಳಿದ್ದು ಬಂಗಾರವಲ್ಲ, ಸೀರೆಯಲ್ಲ, ಒಂದು ಫೋಟೋದಲ್ಲಿ ತನ್ನ ಮುಖ. ಅಷ್ಟನ್ನೂ ಕೊಡಲಾಗದ ಗಂಡ ತಾನು ಎಂದು ಅವನಿಗೆ ಬಹಳ ಕೆಟ್ಟದೆನಿಸಿತು. ಅಕ್ಷತೆ ಬಿತ್ತು, ಬಾಜಾ ಮೊಳಗಿತು, ಪಟ ಸರಿಯಿತು.

ಅಮೃತಳ ಎರಡೂ ಕೈಯಲ್ಲಿ, ಚಿಂದಿ ಸುತ್ತಿದ ಹಿಡಿಯ, ತುಕ್ಕು ತಿಂದ, ಮೊಳಕ್ಕಿಂತ ಉದ್ದನೆಯ ಕಠಾರಿ ಇತ್ತು. ತುದಿಗೆ ಲಿಂಬೆಹಣ್ಣಿತ್ತು. ಅದರ ಹಿಂದಿನಿಂದ ಅವಳು ಅವನನ್ನು ದುರುಗುಟ್ಟಿ ನೋಡುತ್ತಿದ್ದಳು.

"ಗಂಡಿನ ಮನಿ ಪದ್ಧತಿ, ಮದಿಮಗಳು ಇದನ್ನ ಹಿಡೀಲೇಬೇಕು ಅಂತ ನಿನ್ನೆ ಸೀರಿ ಗಂಟಿನ್ಯಾಗ ಬಂತು," ಅಂದಳು ಮೆಲ್ಲಗೆ. "ಮದಿಮಗನೇ ಹೇಳಿ ಕಳಿಸ್ಯಾನ ಅಂದ್ರು."

"ಖರೇ ಹೇಳ್ತೀನಿ, ನಾ ಕಳಿಸಿಲ್ಲ."

"ಮತ್ತ ನಿಮ್ಮ ಕೈಯಾಗ ಅದೇನು? ಅದೇ ಏನು ಸಣ್ಣದು, ಚೆಂದಂದು?"

ವೈಜಿನಾಥ ತಿರುಗಿ ನೋಡಿದರೆ ಗಯಾಬಾಯಿ ಎಲೆ ಜಗಿಯುತ್ತ, ಅತ್ತ ಕಡೆ ಇದ್ದ ರುಕ್ಮಿಣಿಬಾಯಿಗೆ ತಮ್ಮ ಮನೆತನದ ಪದ್ಧತಿಗಳನ್ನು ವಿವರಿಸುತ್ತಿದ್ದಳು.

ಅಷ್ಟರಲ್ಲಿ ಫೋಟೋ ತೆಗೆಯುವ ಮಹೆಬೂಬ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿದ. ರೋಲಿನಲ್ಲಿ ಒಂದೇ ಫೋಟೋ ಉಳಿದಿದೆ, ಯಾರೂ ಅಲುಗಬೇಡಿ ಎಂದು ಎಚ್ಚರಿಸಿದ. ಅಕ್ಷತೆ ಆಯಿತಲ್ಲ, ಇವನ್ನು ಕೆಳಗಿಡುತ್ತೇವೆ ಎಂದು ವೈಜಿನಾಥ ಅಂಗಲಾಚಿದ. ಫೋಟೋದಲ್ಲಿ ಆಯುಧ ಕಾಣದಿದ್ದರೆ ಅದು ಮದುವೆಯ ಫೋಟೋ ಹೇಗಾದೀತು ಎಂದು ಗಯಾಬಾಯಿ, ರುಕ್ಮಿಣಿಬಾಯಿ ಇಬ್ಬರೂ ಒಟ್ಟಿಗೆ ಕೇಳಿದರು. ಆ ದಿನ ಬೀಗರಿಬ್ಬರೂ ಒಮ್ಮತಕ್ಕೆ ಬಂದ ವಿಷಯಗಳಲ್ಲಿ ಇದು ಎರಡನೆಯದು. ಇನ್ನೂ ಮೇಲಕ್ಕೆ ಹಿಡಿಯಿರಿ, ಇನ್ನೂ ಮೇಲಕ್ಕೆ ಎಂದು ಹೇಳಿ ಹೇಳಿ ಹಿಡಿಸಿದರು. ಎತ್ತಿದ ಹ್ಯಾಂಡಲ್ ತಾಗಿ ವೈಜಿನಾಥನ ಬಾಸಿಂಗ ಬೆನ್ನಿಗೆ ಜಾರಿತು.

ಇತ್ತ ಪಾಂಡುರಂಗ ಹೊಸ ಪಿನ್ನು ಸಿಗಿಸಿ ಬಾನೆಟ್ಟಿನಿಂದ ಚಾಕು ಬಿಡಿಸಿಕೊಂಡು, ಅದನ್ನು ಕೊಟ್ಟು ತನ್ನ ಹ್ಯಾಂಡಲ್ ಒಯ್ಯಲು ಮಂಟಪ ಏರಿದ್ದ. ಮದುಮಗನ ಪಕ್ಕ ಹೋದರೆ ಹ್ಯಾಂಡಲ್ ತಾಗುತ್ತಿತ್ತು. ಹಾಗಾಗಿ ಸುತ್ತು ಹಾಕಿ ಮದುಮಗಳ ಆಚೆ ಪಕ್ಕದಲ್ಲಿ ನಿಂತ. ಎಣ್ಣೆ ಒರೆಸಿದ ಚಾಕು ಸರಿಯಾಗಿ ತೆರೆಯುತ್ತದೆಯೋ ಇಲ್ಲವೋ ನೋಡೋಣವೆಂದು ಉಗುರಿನಿಂದ ಮೀಟಿದ. ಅದೇ ಗಳಿಗೆಗೆ ಮಹೆಬೂಬ ಗುಂಡಿ ಒತ್ತಿದ.

ಪಾಂಡುರಂಗ ಕೈಯಿಂದ ಕೈಗೆ ಕೊಡಬಾರದೆಂದು ಚಾಕನ್ನು ನೆಲದ ಮೇಲಿಟ್ಟು ಹ್ಯಾಂಡಲ್ ಎತ್ತಿಕೊಂಡು ಓಡಿದ. ಅವಸರದಲ್ಲಿ ಕೋಟನ್ನೂ ಕೇಳಲಿಲ್ಲ, ಜುಬ್ಬಾವನ್ನೂ ಬಿಚ್ಚಲಿಲ್ಲ. ವೈಜಿನಾಥನ ಧೋತರದ ಚುಂಗು ಅಮೃತಳ ಸೆರಗಿಗೆ ಗಂಟು ಬಿದ್ದಿದ್ದರಿಂದ ಅವನು ಬಗ್ಗುವುದು ತಡವಾಯಿತು. ಚಾಕನ್ನು ಗಯಾಬಾಯಿ ಎತ್ತಿಕೊಂಡಳು. ಅಂದಿನಿಂದ ಅದು ಅವಳ ಎಲೆಯಡಿಕೆಯ ಸಂಚಿಯಲ್ಲಿದೆ. ಊಟವಾದ ಮೇಲೆ ಹಲ್ಲಿನ ಸಂದಿಯ ಅಡಿಕೆ ತೆಗೆಯಲು ಇಷ್ಟು ನಾಜೂಕಾದದ್ದು ಇನ್ನೊಂದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಾಳೆ.

ಕೆಲವು ದಿನದ ಮೇಲೆ ಫೋಟೋ ಬಂತು. ಗಯಾಬಾಯಿ ಅದಕ್ಕೆ ಬಂಗಾರಬಣ್ಣದ ಕಟ್ಟು ಹಾಕಿಸಿ ಪಡಸಾಲೆಯಲ್ಲಿ, ಒಳಗೆ ಬಂದವರಿಗೆ ಮೊದಲು ಕಾಣುವ ಹಾಗೆ ತೂಗುಹಾಕಿದಳು. ಅದನ್ನು ಮೊದಲು ನೋಡಿದ ಹೊರಗಿನವಳು ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಕೇಶರಬಾಯಿ. ಅವಳು ಕಣ್ಣು ಕಿರಿದು ಮಾಡಿ ಹತ್ತಿರ ಹೋಗಿ ನೋಡಿದಳು. ವೈಜಿನಾಥ ಅಲ್ಲೇ ಕಂಬಕ್ಕೆ ಒರಗಿ, ಬ್ಲೇಡಿನ ಚೂರಿನಿಂದ ಪೆನ್ಸಿಲ್ ಹೆರೆಯುತ್ತ ಕೂತಿದ್ದ. ಅವನು ಯಾರೆಂದು ಅವಳಿಗೆ ಇನ್ನೂ ಗೊತ್ತಿರಲಿಲ್ಲ.

"ಮದಿಮಗಳು ನೀವಲ್ಲೇನ್ರಿ? ಎಲ್ಲಿ ನಿಂತೀರಿ?"

"ಲಿಂಬಿಹಣ್ಣಿನ ಹಿಂದ," ಅಂದಳು ಅಮೃತ.

"ನೀವು ಕಾಣದಿದ್ರೂ ಮದಿಮಗರು ಭಾಳ ಛಲೋ ಬಂದಾರ. ಏನು ಮೀಸಿ, ಏನು ರುಮಾಲು, ಕೈಯಾಗಿನ ಆ ಸಣ್ಣ ಚಾಕು ನೋಡ್ರಿ ಹ್ಯಾಂಗ ಹೊಳಿಯಾಕತ್ತದ." ಕೇಶರಬಾಯಿಯ ಬೆರಳು ಫೋಟೋದ ಇನ್ನೊಂದು ತುದಿಗೆ ಸರಿಯಿತು. "ಈ ಖಾಕಿ ಕೋಟು ಹಾಕ್ಕೊಂಡು, ಹ್ಯಾಂಡಲ್ ಹಿಡಕೊಂಡು ನಿಂತಾವ ಬಸ್ಸಿನ ಡ್ರೈವರ್ ಏನ್ರಿ?"

ಅಮೃತ ಒಮ್ಮೆ ಫೋಟೋ ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು. ವೈಜಿನಾಥ ತಲೆ ಎತ್ತದೆ ಪೆನ್ಸಿಲಿನ ಮೊನೆಯನ್ನೇ ನೋಡುತ್ತಿದ್ದ.

"ಹೌದ್ರಿ," ಅಂದು ಅಮೃತ ಚಹಾ ತರಲು ಒಳಗೆ ಹೋದಳು.